ನಾಡು ಬಿಟ್ಟು ಬಂದ ಮಕ್ಕಳ ಕಥೆಗಳು



ನೆಲೆ ತಪ್ಪಿ ಪರದೇಶ ಸೇರಿದ ಕುಟುಂಬಗಳನ್ನು ಕುರಿತ ಮಕ್ಕಳ ಪುಸ್ತಕಗಳು ಇಂಗ್ಲಿಷಿನಲ್ಲಿ ಈಗ ಹೇರಳವಾಗಿವೆ. ಹಲವು ಕೇವಲ ಕಣ್ಣೀರು ತರಿಸುವುದಕ್ಕಾಗಿಯೇ ಬರೆದಂತಿವೆ. ಕನಿಕರವು ಅಗ್ಗದ ಸರಕಷ್ಟೆ. ಉತ್ತಮ ಕೃತಿಗಳು ಬೇರೊಂದು ಸತ್ಯವನ್ನು ಕಂಡಿವೆ: ಹೊಸ ನಾಡಿನ ಭಾಷೆ ಮೊದಲು ಒಲಿಯುವುದು ಮಗುವಿಗೆ, ಆದುದರಿಂದ ಮನೆಯ ಹಿರಿತನವೂ ಅದರ ಹೆಗಲಿಗೇ ಬರುತ್ತದೆ.

ಜೂಡಿತ್ ಕೆರ್ 1971ರಲ್ಲಿ ಪ್ರಕಟಿಸಿದ, ಹಿಟ್ಲರನ ಪಾಲಾದ ಗುಲಾಬಿ ಮೊಲದ ಗೊಂಬೆಯ ಕಥೆ ಅಂತಹುದು. 1933ರಲ್ಲಿ ಬರ್ಲಿನ್ ತೊರೆದ ಲೇಖಕ ತಂದೆಯ ಸಂಪಾದನೆ ಪ್ಯಾರಿಸಿನಲ್ಲಿ ಕುಗ್ಗುತ್ತದೆ. ಮಗಳು ಅನ್ನಾ ಫ್ರೆಂಚಿನೊಡನೆ ಹೆಣಗಿ ಗೆಲ್ಲುತ್ತಾಳೆ. ಥಾನ್ಹಾ ಲಾಯ್ ಅವರ 2011ರ ಕಾದಂಬರಿಯಲ್ಲಿ, 1975ರಲ್ಲಿ ಸೈಗಾನಿನ ತನ್ನ ಪರಂಗಿ ಮರವನ್ನು ಬಿಟ್ಟು ಅಮೆರಿಕ ಸೇರಿದ ಹುಡುಗಿ ಒಂದರಿಂದ ಇಪ್ಪತ್ತರವರೆಗೆ ಎಣಿಸಿದರೆ ತರಗತಿಯೇ ಚಪ್ಪಾಳೆ ತಟ್ಟುತ್ತದೆ. ಅವಳಾದರೋ ಊರಿನಲ್ಲಿಯೇ ಭಿನ್ನರಾಶಿ ಕಲಿತವಳು! ಆ ಚಪ್ಪಾಳೆಯ ಅವಮಾನವನ್ನು ಬಲ್ಲ ಉಪಾಧ್ಯಾಯರು ಎಷ್ಟು ಮಂದಿ?

ನನಗೆ ಅತ್ಯಂತ ಪ್ರಿಯವಾದುದು ಆಸ್ಟ್ರೇಲಿಯದ ಶಾನ್ ಟಾನ್ 2006ರಲ್ಲಿ ಹೊರತಂದ ಚಿತ್ರಕಥೆ. ಅದರಲ್ಲಿ ಒಂದು ಮಾತೂ ಇಲ್ಲ. ಆ ನಗರದ ಫಲಕಗಳ ಲಿಪಿಯೂ ಕಲ್ಪಿತವಾದುದು. ನಾಯಕನಂತೆ ಓದುಗನೂ ಅಲ್ಲಿ ಅನಕ್ಷರಸ್ಥ. ಕಡೆಯಲ್ಲಿ ಅವನ ಪುಟ್ಟ ಮಗಳು ಮತ್ತೊಬ್ಬ ಹೊಸಬಳಿಗೆ ದಾರಿ ತೋರುತ್ತಾಳೆ.

ಗುಮ್ಮಳಾಪುರದ ಸೀಮೆಗೆ ಈ ಮಾತು ಹೊಸತಲ್ಲ. ನಾವು ನಾಡು ಬಿಟ್ಟವರಲ್ಲ, ನಿಜ. ಆದರೂ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, 2006ರ ಕಾಯಿದೆಯ ಅನಂತರ ಶಾಲೆಯಲ್ಲಿ ಕಡ್ಡಾಯವಾಗಿ ತಮಿಳು. ಅಜ್ಜನ ಅರ್ಜಿಯನ್ನು ಮೊಮ್ಮಗಳು ಓದಿ ಹೇಳುವ ಮನೆಗಳು ನಮ್ಮಲ್ಲಿಯೂ ಇವೆ. ಗಡಿಯಾಚೆ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟಿನವರು ನೆಲಸಿದ್ದಾರೆ. ಬೈಲುಕುಪ್ಪೆಯ ನೆಲೆ ಅದಕ್ಕೂ ಹಳೆಯದು. ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲಿಯೇ ಶ್ರೀಲಂಕೆಯ ತಮಿಳರ ಶಿಬಿರಗಳಿವೆ. 1983ರ ಹಿಂಸೆಯ ತರುವಾಯ ಬಂದವರ ಮೊಮ್ಮಕ್ಕಳು ಈಗ ಶಾಲೆಗೆ ಹೋಗುತ್ತಿದ್ದಾರೆ. 2021ರಲ್ಲಿ ತಮಿಳುನಾಡು ಸರ್ಕಾರ ಆ ಶಿಬಿರಗಳನ್ನು ‘ಪುನರ್ವಸತಿ ಶಿಬಿರ’ಗಳೆಂದು ಕರೆಯಿತು. ಹೆಸರು ಬದಲಾಯಿತು, ಇಲ್ಲಿಯೇ ಹುಟ್ಟಿದ ಎಷ್ಟೋ ಮಂದಿಗೆ ಪೌರತ್ವ ಮಾತ್ರ ದೊರೆತಿಲ್ಲ.

ಈ ಮಕ್ಕಳನ್ನು ಕುರಿತು ಕನ್ನಡದಲ್ಲಿ ಯಾರಾದರೂ ಬರೆಯಬೇಕು. ಅಲ್ಲಿಯವರೆಗೆ ಉಪಾಧ್ಯಾಯರಲ್ಲಿ ಒಂದು ಅರಿಕೆ: ಆ ಮಾತಿಲ್ಲದ ಪುಸ್ತಕವನ್ನು ತರಗತಿಯಲ್ಲಿ ಬಿಡಿಸಿಡಿ. ಕನ್ನಡದ ಮಗು ಕನ್ನಡದಲ್ಲಿ, ತೆಲುಗಿನ ಮಗು ತೆಲುಗಿನಲ್ಲಿ ಕಥೆ ಹೇಳಲಿ. ಶಿಬಿರದ ಮಗುವೊಂದು ಅಲ್ಲಿದ್ದರೆ, ಹಡಗಿನ ಪುಟ ಬಂದಾಗ ಅದನ್ನೇ ಎಬ್ಬಿಸಿ ಕೇಳಬೇಡಿ. ಅಜ್ಜಿಯಿಂದ ಕೇಳಿದುದನ್ನು ತಾನಾಗಿ ಹೇಳಿದರೆ ಹೇಳಲಿ.