ಗೂಡಿಗೆ ಬಾಡಿಗೆ ಕೊಡೋರು ಯಾರು? ಕೊಕ್ಕರೆ ಬೆಳ್ಳೂರಿನ ಹುಣಸೆಮರದ ಲೆಕ್ಕ

ಫೆಬ್ರವರಿ ಶುರುವಾದರೆ ಸಾಕು, ನನ್ನ ಫೀಡ್ ತುಂಬ ಹೆಜ್ಜಾರ್ಲೆಗಳು. ಹುಣಸೆಮರದ ತುದಿಯಲ್ಲಿ ಕೂತ ತಾಯಿ, ಅದರ ಗಂಟಲಿನ ಚೀಲಕ್ಕೆ ತಲೆ ಹಾಕಿ ಮೀನು ಹುಡುಕೋ ಮರಿ, ಪಕ್ಕದ ಕೊಂಬೆಯಲ್ಲಿ ಬಣ್ಣದ ಕೊಕ್ಕರೆ. ಲೊಕೇಶನ್ ಟ್ಯಾಗ್: ಕೊಕ್ಕರೆ ಬೆಳ್ಳೂರು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲಂತೂ ಮದ್ದೂರು ತಾಲ್ಲೂಕಿನ ಈ ಊರು ಬೆಂಗಳೂರಿನವರಿಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರುವಷ್ಟು ಹತ್ತಿರ. (ಬಿಡದಿ ತಟ್ಟೆ ಇಡ್ಲಿಗೆ ಮಾತ್ರ ಈಗ ಸರ್ವಿಸ್ ರಸ್ತೆಗೆ ಇಳಿಯಬೇಕು. ಆ ಅನ್ಯಾಯದ ಬಗ್ಗೆ ಇನ್ನೊಮ್ಮೆ ಬರೀತೀನಿ.)

ಎಂಜಿನಿಯರಿಂಗ್‌ನಲ್ಲಿ ಕಲಿತದ್ದರಲ್ಲಿ ನನ್ನ ಬಳಿ ಉಳಿದಿರೋದು ಕಡಿಮೆ. ಆದರೆ ಯಾವ ವ್ಯವಸ್ಥೆಯನ್ನು ನೋಡಿದರೂ ಭಾರ ಯಾವ ಕಂಬದ ಮೇಲೆ ಬೀಳ್ತಿದೆ ಅಂತ ಹುಡುಕೋ ಚಟವೊಂದು ಹೋಗಿಲ್ಲ. ಆ ಫೋಟೊಗಳಲ್ಲಿ ನನ್ನ ಕಣ್ಣು ಹೋಗೋದು ಹಕ್ಕಿಯ ಕೆಳಗಿನ ಮರಕ್ಕೆ. ಅದು ಕಾಡಿನ ಮರ ಅಲ್ಲ, ಯಾರದೋ ಹಿತ್ತಲಿನ ಹುಣಸೆಮರ. ಅದಕ್ಕೊಬ್ಬ ಮಾಲೀಕ ಇದ್ದಾನೆ, ಅವನಿಗೊಂದು ಲೆಕ್ಕ ಇದೆ.

ಆ ಲೆಕ್ಕ ಹೀಗಿದೆ. ಹಕ್ಕಿಗಳು ಗೂಡು ಕಟ್ಟೋಕೆ ಡಿಸೆಂಬರ್ ಹೊತ್ತಿಗೆ ಬರ್ತವೆ, ಮರಿಗಳ ಜೊತೆ ಹೊರಡೋದು ಜೂನ್ ಹೊತ್ತಿಗೆ. ಹುಣಸೆಹಣ್ಣು ಬಲಿತು ಬಡಿಯೋಕೆ ಬರೋದೂ ಶಿವರಾತ್ರಿ, ಯುಗಾದಿಯ ಆಸುಪಾಸಿನಲ್ಲೇ. ಅಂದರೆ ಗೂಡಿನಲ್ಲಿ ಮರಿ ಇದ್ದಾಗಲೇ ಮರದಲ್ಲಿ ದುಡ್ಡೂ ಇರುತ್ತೆ. ಮರ ಬಡಿದರೆ ಮರಿ ಬೀಳುತ್ತೆ, ಬಡಿಯದೆ ಬಿಟ್ಟರೆ ಹಣ್ಣು ಹಿಕ್ಕೆಯಲ್ಲಿ ಹಾಳಾಗುತ್ತೆ. ನಮ್ಮ ಬಯಲುಸೀಮೆಯ ಸಣ್ಣ ರೈತನಿಗೆ ಹುಣಸೆ ಅಂದರೆ ನೀರು ಕೇಳದ, ಗೊಬ್ಬರ ಕೇಳದ ಆದಾಯ. ಮಳೆ ಕೈಕೊಟ್ಟ ವರ್ಷ ಮನೆ ಖರ್ಚಿಗೆ ಆಗೋದು ಅದೇ. ತಲೆಮಾರುಗಳಿಂದ ಈ ಊರಿನವರು ಅದನ್ನು ಹಕ್ಕಿಗೆ ಬಿಟ್ಟುಕೊಟ್ಟಿದ್ದಾರೆ.

ಯಾಕೆ ಅಂತ ಕೇಳಿದರೆ ಊರಿನಲ್ಲಿ ಸಿಗೋ ಉತ್ತರ ಪ್ರಸಿದ್ಧ: ಇವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಪ್ಲೇಗ್ ಕಾಲದಲ್ಲಿ ಊರು ಜಾಗ ಬದಲಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವು ಅನ್ನೋ ಕಥೆಯನ್ನೂ ಹೇಳ್ತಾರೆ. ಚೆಂದದ ಮಾತು, ನಿಜವಾದ ಪ್ರೀತಿ, ಅನುಮಾನವಿಲ್ಲ. ನನ್ನ ತಕರಾರು ಇರೋದು ಈ ಮಾತನ್ನು ಸರ್ಕಾರ, ಪ್ರವಾಸೋದ್ಯಮದ ಕರಪತ್ರ ಮತ್ತು ನಾವು ಮಾಧ್ಯಮದವರು ಬಳಸೋ ರೀತಿ ಬಗ್ಗೆ. ತವರಿನ ರೂಪಕ ಸಿಕ್ಕಿದ ತಕ್ಷಣ ಬಾಣಂತನದ ಖರ್ಚಿನ ಮಾತು ನಿಂತುಹೋಗುತ್ತೆ. ಬಾಣಂತನ ಪುಕ್ಕಟೆ ಆಗಲ್ಲ ಅಂತ ಯಾವ ತವರಿನವರನ್ನು ಕೇಳಿದರೂ ಹೇಳ್ತಾರೆ.

ಇಲ್ಲಿ ಕಾನೂನಿಗೆ ಬರೋಣ. ರಂಗನತಿಟ್ಟು 1940ರಿಂದ ಅಭಯಾರಣ್ಯ, 2022ರಿಂದ ರಾಮ್ಸರ್ ತಾಣ. ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿ ಗೂಡು ಕಟ್ಟಿದರೆ ಯಾರ ಮನೆಯ ಹುಣಸೆಹಣ್ಣೂ ಕಡಿಮೆ ಆಗಲ್ಲ. ವಿಜಯನಗರ ಜಿಲ್ಲೆಯ ಅಂಕಸಮುದ್ರದ್ದು 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಪಕ್ಷಿಧಾಮ, ಅಲ್ಲಿ ಗೂಡು ಇರೋದು ಕೆರೆಯೊಳಗಿನ ಜಾಲಿ ಮರಗಳಲ್ಲಿ. ಕೊಕ್ಕರೆ ಬೆಳ್ಳೂರು ಈ ಗುಂಪಿಗೆ ಸೇರಲ್ಲ. ಮನೆ, ಹಿತ್ತಲು, ಹೊಲದ ಬದುಗಳಲ್ಲೇ ಗೂಡು ಇರೋದರಿಂದ 2007ರಲ್ಲಿ ಅದನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಸಿ ಕಲಮಿನಡಿ ಸಮುದಾಯ ಮೀಸಲು ಅಂತ ಘೋಷಿಸಿದರು. ಆ ಕಲಮು ಹೇಳೋದು ಇಷ್ಟು: ಜನರೇ ಮುಂದೆ ಬಂದು ವನ್ಯಜೀವಿ ಕಾಪಾಡ್ತೀವಿ ಅಂದರೆ ಖಾಸಗಿ ಅಥವಾ ಸಮುದಾಯದ ಜಮೀನನ್ನು ಮೀಸಲು ಮಾಡಬಹುದು. ಆಮೇಲೆ ನಿರ್ವಹಣಾ ಸಮಿತಿಯ ನಿರ್ಣಯ ಮತ್ತು ರಾಜ್ಯ ಸರ್ಕಾರದ ಒಪ್ಪಿಗೆ ಇಲ್ಲದೆ ಅಲ್ಲಿ ಭೂಬಳಕೆ ಬದಲಿಸುವಂತಿಲ್ಲ. ಜಮೀನಿನವನು ಏನು ಮಾಡಬಾರದು ಅನ್ನೋದು ಅಲ್ಲಿ ಸ್ಪಷ್ಟವಾಗಿದೆ. ಅವನು ಬಿಟ್ಟುಕೊಟ್ಟದ್ದಕ್ಕೆ ಏನು ಸಿಗಬೇಕು ಅನ್ನೋದು ಆ ಕಲಮಿನಲ್ಲಿಲ್ಲ.

ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುತ್ತ ಬಂದಿದೆ, ಅದನ್ನು ಅಲ್ಲಗಳೆಯಲ್ಲ. ಆದರೆ ಪರಿಹಾರ ಅನ್ನೋ ಪದದಲ್ಲೇ ಸಮಸ್ಯೆ ಇದೆ. ಅದು ಇಲಾಖೆ ಕೊಟ್ಟಾಗ ಸಿಗೋದು, ಎಷ್ಟು ಕೊಟ್ಟರೆ ಅಷ್ಟು. ಬಾಡಿಗೆ ಹಾಗಲ್ಲ, ಕೇಳಿ ಪಡೆಯೋ ಹಕ್ಕು ಅದು. ಹುಣಸೆಹಣ್ಣಿನ ಮಾರುಕಟ್ಟೆ ದರಕ್ಕೆ ಜೋಡಿಸಿ, ಎಷ್ಟು ಗೂಡು ಅಂತ ಪ್ರತಿ ಮರಕ್ಕೂ ಎಣಿಸಿ, ಸುಗ್ಗಿಗೆ ಮೊದಲೇ ಖಾತೆಗೆ ಹಾಕೋದು ರಾಕೆಟ್ ವಿಜ್ಞಾನ ಏನಲ್ಲ. ಮರಗಳು ಕಣ್ಣೆದುರಿಗೆ ಇವೆ, ಮಾಲೀಕರು ಗೊತ್ತು, ಗೂಡು ಎಣಿಸೋಕೆ ಪ್ರತಿ ವಾರಾಂತ್ಯ ಬೈನಾಕ್ಯುಲರ್ ಹಿಡಿದು ಬರೋ ಜನ ಇದ್ದಾರೆ.

ಆ ಜನರ ಬಗ್ಗೆಯೂ ಒಂದು ಮಾತು. ಹವ್ಯಾಸಿ ಪಕ್ಷಿವೀಕ್ಷಕರನ್ನು ಗೇಲಿ ಮಾಡೋದು ಸುಲಭ, ನಾನು ಮಾಡಲ್ಲ. 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ನಿಂತಿರೋದೇ ಸುಮಾರು 30,000 ವೀಕ್ಷಕರು ಈ-ಬರ್ಡ್‌ಗೆ ಹಾಕಿದ 3 ಕೋಟಿ ದಾಖಲೆಗಳ ಮೇಲೆ. 942 ಪ್ರಭೇದಗಳನ್ನು ನೋಡಿದ ಆ ವರದಿ, ದೀರ್ಘಕಾಲದ ಏರಿಳಿತ ಅಳೆಯಲು ಸಾಧ್ಯವಾದ 338ರಲ್ಲಿ 60%ರಷ್ಟು ಇಳಿಮುಖ ಅಂತ ಹೇಳಿತು. ಸರ್ಕಾರದ ಯಾವ ಇಲಾಖೆಗೂ ಇಷ್ಟು ಡೇಟಾ ಒಟ್ಟು ಹಾಕೋಕೆ ಆಗ್ತಿರಲಿಲ್ಲ. ಆದರೆ ಆ್ಯಪ್‌ನಲ್ಲಿ ಹಕ್ಕಿಗೆ ಕಾಲಂ ಇದೆ, ಸಂಖ್ಯೆಗೆ ಇದೆ, ಸಮಯಕ್ಕೆ ಇದೆ. ಹಣ್ಣು ಬಿಟ್ಟುಕೊಟ್ಟವನಿಗೆ ಕಾಲಂ ಇಲ್ಲ. ನೀತಿ ರೂಪಿಸೋರು ಕಾಲಂ ಇಲ್ಲದ್ದನ್ನು ನೋಡಲ್ಲ.

ಊರಿನವರನ್ನು ಬರೀ ತ್ಯಾಗಜೀವಿಗಳಾಗಿ ನೋಡೋದೂ ತಪ್ಪು. ವನ್ಯಜೀವಿ ಲೋಕಕ್ಕೆ ಈ ಊರನ್ನು ಪರಿಚಯಿಸಿದ್ದು 1970ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ. 1994ರಲ್ಲಿ ಮೈಸೂರಿನ ಕೆ. ಮನು ಅವರ ಜೊತೆ ಸೇರಿ ಊರಿನ ಹುಡುಗರು ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳಿಗೆ ಬೇಲಿ ಹಾಕಿ ಮೀನು ತಿನ್ನಿಸಿ ಬೆಳೆಸಿದ್ದು ಅವರು. ಹಿಕ್ಕೆ ಒಳ್ಳೆಯ ಗೊಬ್ಬರ ಅಂತ ಬಳಸಿಕೊಂಡದ್ದೂ ಊರೇ. ಘೋಷಣೆ 2007ರದ್ದು, ಕೆಲಸ ಅದಕ್ಕೂ ಹಳೆಯದು.

ಇನ್ನು ಗೂಡು ಕಾಪಾಡಿದರೆ ಹಕ್ಕಿ ಉಳಿಯುತ್ತಾ? ನನಗೆ ಹೆಚ್ಚು ಆತಂಕ ಇರೋದು ಇಲ್ಲಿ. ಮೀಸಲಿನ ಗಡಿಯೊಳಗೆ ಇರೋದು ಬಾಣಂತಿ ಕೋಣೆ ಮಾತ್ರ, ಅಡುಗೆಮನೆ ಹೊರಗಿದೆ. ಶಿಂಷಾ ನದಿ ಮತ್ತು ಸುತ್ತಲಿನ ತಾಲ್ಲೂಕುಗಳ ಕೆರೆಗಳಿಂದ ಮೀನು ಬರಬೇಕು. ಬಣ್ಣದ ಕೊಕ್ಕರೆ ಆಳ ನೀರಿನಲ್ಲಿ ಬೇಟೆ ಆಡಲ್ಲ. ಮೊಣಕಾಲುದ್ದದ ನೀರಿನಲ್ಲಿ ಕೊಕ್ಕು ತೆರೆದು ಅದ್ದಿ, ಮೀನು ತಾಗಿದ ಕ್ಷಣ ಮುಚ್ಚುತ್ತೆ. ಅದಕ್ಕೆ ಬೇಕಿರೋದು ಕೆರೆಯ ಇಳಿಜಾರು ಅಂಚು. ನಾವು ‘ಅಭಿವೃದ್ಧಿ’ ಅಂತ ಮಾಡೋದು ಅದೇ ಅಂಚನ್ನು ಕಡಿದು, ಹೂಳೆತ್ತಿ, ಕಲ್ಲು ಕಟ್ಟಿ, ಕೆರೆಯನ್ನು ಬಟ್ಟಲು ಮಾಡೋದು. ಮೀನು ಗುತ್ತಿಗೆ ಹಿಡಿದವನಿಗಂತೂ ಹೆಜ್ಜಾರ್ಲೆ ಪಾಲುದಾರನಲ್ಲ, ಕಳ್ಳ.

2017–18ರ ಚಳಿಗಾಲದಲ್ಲಿ ಈ ಊರಿನಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಮರಣೋತ್ತರ ಪರೀಕ್ಷೆಯಲ್ಲಿ ಹೊಟ್ಟೆ ತುಂಬ ದುಂಡುಹುಳು ಸಿಕ್ಕವು. ಆ ಹುಳು ಹಕ್ಕಿಗೆ ಬರೋದು ತಿಂದ ಮೀನಿನಿಂದ. ಊರು ಮರ ಕಾಯ್ದಿತ್ತು, ಹಕ್ಕಿಗಳು ಸತ್ತದ್ದು ಊರಿನ ಕೈಗೆ ಸಿಗದ ನೀರಿನ ಕಾರಣಕ್ಕೆ.

ಇದನ್ನು ತಲೆಯಲ್ಲಿಟ್ಟುಕೊಂಡು 2025ರ ಆಗಸ್ಟ್‌ನಲ್ಲಿ ವಿಧಾನಸಭೆ ಅಂಗೀಕರಿಸಿದ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ತಿದ್ದುಪಡಿ ಮಸೂದೆ ನೋಡಿ. ಎಲ್ಲ ಕೆರೆಗೂ ಒಂದೇ ಆಗಿದ್ದ 30 ಮೀಟರ್ ಮೀಸಲು ಅಂಚಿನ ಬದಲು ವಿಸ್ತೀರ್ಣಕ್ಕೆ ತಕ್ಕ ಅಂಚು, ಚಿಕ್ಕ ಕೆರೆಗೆ ಚಿಕ್ಕದು. ರಸ್ತೆ, ಒಳಚರಂಡಿಯಂಥ ಸಾರ್ವಜನಿಕ ಕಾಮಗಾರಿಗೆ ಜಾಗ ಬೇಕು ಅನ್ನೋದು ಸರ್ಕಾರದ ವಾದ. ಬೆಂಗಳೂರಿನ ಟ್ರಾಫಿಕ್ ನೋಡಿ ಬರೆದ ಮಸೂದೆ ಇದು ಅಂತ ಅನ್ನಿಸದೆ ಇರಲ್ಲ. ಚರ್ಚೆಯೂ ಬೆಂಗಳೂರಿನ ಕೆರೆಗಳ ಸುತ್ತಲೇ ಸುತ್ತಿತು. ಆದರೆ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಲೇಔಟ್‌ಗಳು ಹುಡುಕ್ತಿರೋದು ಮದ್ದೂರು, ಚನ್ನಪಟ್ಟಣದ ಕಡೆಯ ಜಮೀನನ್ನ. ಕೊಕ್ಕರೆ ಕಾಲಿಡೋ ಊರ ಕಟ್ಟೆಗಳು ಬಹುತೇಕ ಚಿಕ್ಕವೇ.

ಈ ಯುಗಾದಿಗೆ ಕ್ಯಾಮೆರಾ ಹಿಡಿದು ಹೋಗೋರು ಹೋಗಿ, ನೋಡಬೇಕಾದ ಊರೇ. ಹೋದಾಗ ಪಂಚಾಯಿತಿ ಕಟ್ಟೆಯ ಹತ್ತಿರ ಒಂದು ಪ್ರಶ್ನೆ ಕೇಳಿ: ಮೀಸಲಿನ ನಿರ್ವಹಣಾ ಸಮಿತಿ ಕೊನೆಯ ಸಲ ಸೇರಿದ್ದು ಯಾವಾಗ? ಕಾಯ್ದೆ ಪ್ರಕಾರ ಅದರಲ್ಲಿ ಪಂಚಾಯಿತಿ ಅಥವಾ ಗ್ರಾಮಸಭೆ ನೇಮಿಸಿದ ಪ್ರತಿನಿಧಿಗಳು ಇರಬೇಕು, ಜೊತೆಗೆ ಅರಣ್ಯ ಇಲಾಖೆಯವರು. ಮರದ ಬಾಡಿಗೆಯ ನಿರ್ಣಯ ಹುಟ್ಟಬೇಕಾದ್ದು ಆ ಸಭೆಯಲ್ಲಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿಗೆ ಹತ್ತು ರೂಪಾಯಿ.