ನಾನೂರ ಹದಿನೇಳು ರೂಪಾಯಿ ಅರವತ್ತು ಪೈಸೆ

ಮಾಚೇನಹಳ್ಳಿಯಲ್ಲಿ ಗಾರ್ಮೆಂಟ್ಸ್ ಬಿಡುವ ಹೊತ್ತಿಗೆ ಭದ್ರಾವತಿ ಬಸ್ ಹತ್ತಿದರೆ ನನಗೆ ಕೂರಲು ಜಾಗ ಸಿಗುವುದಿಲ್ಲ. ಮೊನ್ನೆ ಪಕ್ಕದಲ್ಲಿ ನಿಂತಿದ್ದ ಹುಡುಗಿ ತಂಗಿಯ ಮದುವೆಗೆಂದು ಚೀಟಿ ಕಟ್ಟುತ್ತಿದ್ದೇನೆ ಎಂದಳು. ಮದುವೆಗೆ ಅಂದರೆ ಯಾವುದಕ್ಕೆ ಎಂದು ನಮಗೆ ಬಿಡಿಸಿ ಹೇಳಬೇಕೇ?

ಇಂಥವರಿಗೆ 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ 60 ಪೈಸೆ. ಸರ್ಕಾರವೇ ಅದನ್ನು ಮುಂದೂಡಿತು. ಕೊಡಬೇಕೆಂದು ಅದೇ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಹೇಳಿದರೂ ರಾಜ್ಯದ ಹಲವು ಮಾಲೀಕರು ಕೊಡಲಿಲ್ಲ. ವಿದೇಶದ ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಿದ್ದ ಮೇಲೆಯೇ, 2021ರ ಕೊನೆಯ ಹೊತ್ತಿಗೆ, ದೊಡ್ಡ ಮಾಲೀಕರು ಬಾಕಿ ಕೊಡಲು ಒಪ್ಪಿದ್ದು. ಕೋರ್ಟಿಗೆ ಬಗ್ಗದವರು ಗಿರಾಕಿಗೆ ಬಗ್ಗಿದರು!

ಆದ್ದರಿಂದಲೇ ಗಿರಾಕಿಯನ್ನು ಹೊಣೆ ಮಾಡುವ ಕಾನೂನು ಬೇಕು ಎನ್ನುತ್ತೇನೆ. ಕೂಲಿಗೂ ಹೊಣೆ, ಬಣ್ಣದ ನೀರು ಹೊಳೆ ಸೇರಿದರೆ ಅದಕ್ಕೂ ಹೊಣೆ. ಯುರೋಪು 2024ರಲ್ಲಿ ಅಂಥದ್ದೊಂದನ್ನು ತಂದಿತು. 2025ರ ಡಿಸೆಂಬರಿನಲ್ಲಿ ಅಲ್ಲಿನ ಸಂಸತ್ತೇ ಅದನ್ನು 5,000ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳಿಗಷ್ಟೇ ಸಾಕೆಂದು ಕುಗ್ಗಿಸಿತು. ಜಾರಿ 2029ಕ್ಕೆ ಹೋಯಿತು.

ಅದು ಬಂದರೂ ತನಿಖೆ ಹೇಗೆ ನಡೆಯುತ್ತದೆಂಬುದೇ ನನ್ನ ಚಿಂತೆ. ಆಡಿಟ್‌ನವರು ಬರುವ ಮುನ್ನಾದಿನ ಏನು ಹೇಳಬೇಕೆಂದು ಬಾಯಿಪಾಠ ಮಾಡಿಸುವುದುಂಟು. ಮನೆಯ ಮಾತು ಹೊಸಿಲು ದಾಟಬಾರದೆಂದು ಅತ್ತೆಮನೆಯಲ್ಲಿ ಕಲಿತವಳಿಗೆ ಆ ಪಾಠ ಸುಲಭ. ಅವಳನ್ನು ಗೇಟಿನ ಹೊರಗೆ, ಸೂಪರ್‌ವೈಸರ್ ಇಲ್ಲದ ಕಡೆ, ಸಂಘದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕನ್ನಡದಲ್ಲಿ ಕೇಳಲಿ.