ಹರವೆಯ ರೈತರಿಗೆ ಅರ್ಥವಾಗಿತ್ತು

2021ರ ನವೆಂಬರ್ 19, ಗುರುನಾನಕ್ ಜಯಂತಿ. ಪ್ರಧಾನಿ ನರೇಂದ್ರ ಮೋದಿಯವರು ಮೂರು ಕೃಷಿ ಕಾಯ್ದೆಗಳನ್ನು ಹಿಂದಕ್ಕೆ ಪಡೆಯುವುದಾಗಿ ಅಂದು ಪ್ರಕಟಿಸಿದರು. ದೇಶದ ಕ್ಷಮೆಯನ್ನೂ ಕೇಳಿದರು. ಕಾಯ್ದೆ ತಪ್ಪಾಗಿತ್ತು ಎಂಬ ಕ್ಷಮೆಯಲ್ಲ ಅದು. ದೀಪದ ಬೆಳಕಿನಷ್ಟು ನಿಚ್ಚಳವಾದ ಸತ್ಯವನ್ನು ಕೆಲವು ರೈತರಿಗೆ ತಿಳಿಸಿ ಹೇಳಲು ಆಗಲಿಲ್ಲ, ತಮ್ಮ ತಪಸ್ಸಿನಲ್ಲೇ ಏನೋ ಕೊರತೆ ಉಳಿದಿರಬೇಕು ಎಂಬುದು ಅವರ ಮಾತಿನ ಸಾರ. ಅಂದರೆ ಅವರ ಪ್ರಕಾರ ಕಾಯ್ದೆ ಸರಿಯಾಗಿಯೇ ಇತ್ತು, ತಿಳಿಸಿ ಹೇಳಿದ್ದು ಸಾಲಲಿಲ್ಲ.

ವಿನಯದ ಮಾತಿನಂತೆ ಕೇಳುತ್ತದೆ. ಆದರೆ ಅದರೊಳಗೆ ರೈತನ ಬಗ್ಗೆ ಒಂದು ತೀರ್ಪು ಇದೆ: ಅವನಿಗೆ ಅರ್ಥವಾಗಲಿಲ್ಲ, ಆಗಿದ್ದರೆ ಒಪ್ಪಿಕೊಳ್ಳುತ್ತಿದ್ದ. ಓದಿ, ವಿಚಾರಿಸಿ, ತೂಗಿ ನೋಡಿಯೇ ಒಬ್ಬ ರೈತ ಬೇಡ ಎನ್ನಬಹುದು ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಚಾಮರಾಜನಗರ ತಾಲ್ಲೂಕಿನ ಹರವೆ ಹೋಬಳಿಯಲ್ಲಿ, ಪಕ್ಕದ ಗುಂಡ್ಲುಪೇಟೆ ಸೀಮೆಯಲ್ಲಿ ಬೆಳೆಯುವುದೇನು? ಅರಿಸಿನ, ಬಾಳೆ, ಸಣ್ಣ ಈರುಳ್ಳಿ, ಟೊಮೆಟೊ, ಸೂರ್ಯಕಾಂತಿ, ಚೆಂಡು ಹೂವು. ಮಂಡಿಯ ಹೊರಗೆ, ದೇಶದ ಯಾವ ಮೂಲೆಯಲ್ಲಾದರೂ ಮಾಲು ಮಾರುವ ಸ್ವಾತಂತ್ರ್ಯ ಕೊಡುತ್ತೇವೆ ಎಂದು ಹೊಸ ಕಾಯ್ದೆ ಹೇಳಿತು. ನಮ್ಮ ಕಡೆಯ ಅರಿಸಿನ ಅದಕ್ಕೂ ಎಷ್ಟೋ ಮೊದಲಿನಿಂದ ರಾಜ್ಯದ ಗಡಿ ದಾಟುತ್ತಿದೆ. ಎಂಟೊಂಬತ್ತು ತಿಂಗಳು ನೆಲದಲ್ಲಿಟ್ಟು ಬೆಳೆಸಿ, ಅಗೆದು, ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿಸಿದ ಮೂಟೆಗಳು ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಈರೋಡಿಗೆ ಹೋಗುತ್ತವೆ. ಅಷ್ಟು ದೂರ ಹೋದ ಮೇಲೆ ಬೆಲೆ ಸರಿಬರಲಿಲ್ಲ ಎಂದು ಮೂಟೆ ವಾಪಸು ತರುವುದು ಸುಲಭವಲ್ಲ. ಲಾರಿ ಬಾಡಿಗೆ ಮೈಮೇಲೆ ಬರುತ್ತದೆ, ಸಾಲ ಕೊಟ್ಟವರು ಊರಲ್ಲಿ ಕಾಯುತ್ತಿರುತ್ತಾರೆ. 2010ರ ಕೊನೆಯಲ್ಲಿ ಕ್ವಿಂಟಲಿಗೆ 17 ಸಾವಿರ ರೂಪಾಯಿಯ ಆಸುಪಾಸಿಗೆ ಹೋಗಿದ್ದ ಅರಿಸಿನ 2012ರ ಹೊತ್ತಿಗೆ 4 ಸಾವಿರಕ್ಕೆ ಕುಸಿಯಿತು. ಗಡಿ ದಾಟಿ ಮಾರುವ ಸ್ವಾತಂತ್ರ್ಯ ಆ ಕುಸಿತವನ್ನು ತಡೆಯಲಿಲ್ಲ. ಈರೋಡಿನಲ್ಲೂ ಬೆಲೆ ಎಷ್ಟೆಂದು ನಾಲ್ಕು ಜನರಿಗೆ ತಿಳಿಯುವುದು ನಿಯಂತ್ರಿತ ಮಾರುಕಟ್ಟೆ ಮತ್ತು ಸಹಕಾರ ಸಂಘಗಳ ಬಹಿರಂಗ ಹರಾಜಿನಿಂದ. ಆ ಹರಾಜು ಸೊರಗಿದರೆ ಹೊರಗಿನ ವ್ಯಾಪಾರಿ ಹೇಳಿದ್ದೇ ಬೆಲೆ. ಇದನ್ನು ತಿಳಿಯಲು ರೈತ ದೆಹಲಿಯ ವಿವರಣೆಗೆ ಕಾಯಬೇಕಾಗಿರಲಿಲ್ಲ.

ಮತ್ತೊಂದು ಕಾಯ್ದೆ ಮಾತಾಡಿದ ಗುತ್ತಿಗೆ ಕೃಷಿಯೂ ಇಲ್ಲಿಗೆ ಹೊಸದಲ್ಲ. ಗುಂಡ್ಲುಪೇಟೆಯ ರಸ್ತೆ ಬದಿಯಲ್ಲಿ ಕೇರಳದ ಪ್ರವಾಸಿಗರು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವ ಚೆಂಡು ಹೂವಿನ ಹೊಲಗಳಲ್ಲಿ ಬಹಳಷ್ಟನ್ನು ಬೆಳೆಯುವುದು ಬಣ್ಣ ತೆಗೆಯುವ ಕಾರ್ಖಾನೆಗಳಿಗಾಗಿ. ಬೀಜ ಕಂಪನಿಯದು, ಬೆಲೆ ಮೊದಲೇ ಮಾತಾಗಿರುತ್ತದೆ. ಇದರಿಂದ ನಾಲ್ಕು ಕಾಸು ಕಂಡವರೂ ಇದ್ದಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತೂಕ ಯಾರು ಹಾಕುತ್ತಾರೆ, ಹೂವು ಒದ್ದೆಯಾಗಿದೆ ಎಂದು ಎಷ್ಟು ಕಳೆಯುತ್ತಾರೆ, ಮಳೆ ಹಿಡಿದ ವಾರ ಗಾಡಿ ಬರದೆ ಹೋದರೆ ಯಾರನ್ನು ಕೇಳಬೇಕು? ಗುತ್ತಿಗೆಯ ಜೀವ ಇರುವುದು ಈ ಪ್ರಶ್ನೆಗಳಲ್ಲಿ. 2020ರ ಕಾಯ್ದೆಗಳು ಇವಕ್ಕೆ ಕೊಟ್ಟ ಉತ್ತರ ಸ್ಪಷ್ಟವಾಗಿತ್ತು. ವ್ಯಾಜ್ಯವೆದ್ದರೆ ಉಪವಿಭಾಗಾಧಿಕಾರಿಯ ಬಳಿ ಹೋಗಬೇಕು, ಸಿವಿಲ್ ಕೋರ್ಟಿನ ಬಾಗಿಲು ಮುಚ್ಚಿತ್ತು. ಮಂಡಿಯ ಹೊರಗೆ ಮಾಲು ಕೊಳ್ಳುವ ವ್ಯಾಪಾರಿಗೆ ಪ್ಯಾನ್ ಕಾರ್ಡ್ ಇದ್ದರೆ ಸಾಕಿತ್ತು. ಇದು ಯಾರೋ ಹಬ್ಬಿಸಿದ ಗಾಳಿಸುದ್ದಿಯಲ್ಲ, ಕಾಯ್ದೆಯಲ್ಲೇ ಅಚ್ಚಾಗಿದ್ದ ಮಾತು. ಕಂಪನಿಯ ವಕೀಲರ ಎದುರು ಎರಡೆಕರೆಯ ರೈತ ಉಪವಿಭಾಗಾಧಿಕಾರಿಯ ಕಚೇರಿಯಲ್ಲಿ ಎಷ್ಟು ಸಲ ನಿಲ್ಲಬಲ್ಲ ಎಂಬುದು ಜಮೀನಿನ ಖಾತೆ ಬದಲಾವಣೆಗೆ ಅಲೆದ ಪ್ರತಿಯೊಬ್ಬನಿಗೂ ಗೊತ್ತು.

ಬೆಂಬಲ ಬೆಲೆಯ ಮಾತು ಇನ್ನೂ ಸರಳ. ಕೇಂದ್ರ ಕನಿಷ್ಠ ಬೆಂಬಲ ಬೆಲೆ ನಿಗದಿ ಮಾಡುವ 22 ಬೆಳೆಗಳ ಪಟ್ಟಿಯಲ್ಲಿ ಸೂರ್ಯಕಾಂತಿ, ಜೋಳ, ರಾಗಿ ಇವೆ. ಅರಿಸಿನ, ಈರುಳ್ಳಿ, ಟೊಮೆಟೊ, ಬಾಳೆ ಇಲ್ಲ. ಗೋಧಿ, ಭತ್ತದ ಖಾತರಿ ಖರೀದಿ ಕೈತಪ್ಪಬಹುದು ಎಂದು ಪಂಜಾಬಿನ ರೈತರು ಹೆದರಿದರು. ಆ ಖಾತರಿಯೇ ಇಲ್ಲದ ಬದುಕು ಹೇಗಿರುತ್ತದೆ ಎಂಬುದನ್ನು ನಮ್ಮ ರೈತರು ರಸ್ತೆಗೆ ಸುರಿದ ಟೊಮೆಟೊದ ಮುಂದೆ ನಿಂತು ನೋಡಿದ್ದಾರೆ. ಪಂಜಾಬಿನ ಭಯ ಹರವೆಯ ಅನುಭವ.

ಇಂಥ ವಿಷಯಗಳನ್ನು ಕೂತು ಚರ್ಚಿಸುವ ಪದ್ಧತಿಯೂ ಈ ಭಾಗಕ್ಕೆ ಹೊಸದಲ್ಲ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ತೊಂಬತ್ತರ ದಶಕದ ಆರಂಭದಲ್ಲೇ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಡಂಕೆಲ್ ಪ್ರಸ್ತಾವವನ್ನು ಹಳ್ಳಿಗಳ ಅಧ್ಯಯನ ಶಿಬಿರಗಳಿಗೆ ತಂದಿತ್ತು. ಚಾಮರಾಜನಗರದ ಹೊಂಡರಬಾಳಿನಲ್ಲಿರುವ ಅಮೃತಭೂಮಿ ಎಂಬ ಕೃಷಿ ಕೇಂದ್ರ ಆ ಚಳವಳಿಯ ಕೊಡುಗೆ. ಬಿತ್ತನೆ ಬೀಜದ ಪೇಟೆಂಟ್ ಎಂದರೇನು ಎಂದು ಹಸಿರು ಟವೆಲಿನ ರೈತರು ಮೂವತ್ತು ವರ್ಷದ ಹಿಂದೆಯೇ ವಾದಿಸುತ್ತಿದ್ದರು. ಇವರಿಗೆ ಮಂಡಿಯ ಕಾಯ್ದೆ ಅರ್ಥವಾಗಲಿಲ್ಲ ಎಂದರೆ ನಂಬುವವರು ಯಾರು?

ತಿಳಿಸಿ ಹೇಳುವುದರಲ್ಲಾದರೂ ಕೊರತೆ ಇತ್ತೇ? 2020ರ ಡಿಸೆಂಬರ್‌ನಲ್ಲಿ ಬಿಜೆಪಿ ಕಾಯ್ದೆಗಳ ಪರವಾಗಿ ದೇಶದಾದ್ಯಂತ ಪತ್ರಿಕಾಗೋಷ್ಠಿಗಳನ್ನು, 700 ರೈತ ಸಭೆಗಳನ್ನು ಪ್ರಕಟಿಸಿತು. ಕೃಷಿ ಸಚಿವ ನರೇಂದ್ರ ಸಿಂಗ್ ತೋಮರ್ ರೈತರಿಗೆ ಎಂಟು ಪುಟಗಳ ಬಹಿರಂಗ ಪತ್ರ ಬರೆದರು. ಪ್ರಧಾನಿಯವರೇ ಮತ್ತೆ ಮತ್ತೆ ಮಾತಾಡಿದರು. 2021ರ ಜನವರಿ 22ರವರೆಗೆ ರೈತ ನಾಯಕರ ಜೊತೆ 11 ಸುತ್ತು ಮಾತುಕತೆಯಾಯಿತು. ಇಷ್ಟೆಲ್ಲ ಹೇಳಿದ ಮೇಲೂ ಕಾಯ್ದೆಗಳನ್ನು ವಿರೋಧಿಸಿ ದೆಹಲಿಯ ಸಿಂಘು, ಟಿಕ್ರಿ, ಗಾಜಿಪುರ ಗಡಿಗಳಲ್ಲಿ ಧರಣಿ ಕೂತ ರೈತರು ಏಳಲಿಲ್ಲ, ಒಂದು ವರ್ಷ ಕೂತರು. ವಿವರಣೆ ತಲುಪಿತ್ತು. ಅವರು ಒಪ್ಪಲಿಲ್ಲ, ಅಷ್ಟೇ.

ನಿಜವಾಗಿ ಮಾತು ಬೇಕಾಗಿದ್ದುದು ಕಾಯ್ದೆ ತರುವುದಕ್ಕೆ ಮೊದಲು. ಯಾವುದೇ ಮಸೂದೆಯ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಟ್ಟು ಅಭಿಪ್ರಾಯ ಕೇಳಬೇಕು ಎಂದು ಕೇಂದ್ರ ಸರ್ಕಾರ 2014ರಲ್ಲೇ ನೀತಿ ಮಾಡಿಕೊಂಡಿದೆ. ಕೃಷಿ ಕಾಯ್ದೆಗಳು 2020ರ ಜೂನ್ 5ರಂದು, ಕೊರೊನಾ ಕಾಲದಲ್ಲಿ, ಸುಗ್ರೀವಾಜ್ಞೆಯಾಗಿ ಬಂದವು. ಅವುಗಳಲ್ಲಿ ಎರಡನ್ನು ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ, ಮತ ಎಣಿಕೆ ಮಾಡಿ ಎಂದು ವಿರೋಧ ಪಕ್ಷಗಳು ಕೇಳಿದರೂ, ಧ್ವನಿಮತದಲ್ಲೇ ಮುಗಿಸಲಾಯಿತು. ಹಿಂತೆಗೆಯುವ ಮಸೂದೆಗೂ ಅದೇ ಗತಿ: 2021ರ ನವೆಂಬರ್ 29ರಂದು ಎರಡೂ ಸದನಗಳಲ್ಲಿ ಚರ್ಚೆಯೇ ಇಲ್ಲದೆ ಅಂಗೀಕಾರ. ಕಾಯ್ದೆ ತರುವಾಗಲೂ ಮಾತು ಬೇಡ, ತೆಗೆಯುವಾಗಲೂ ಬೇಡ ಎಂದವರು ಮಾತಿನ ಕೊರತೆಯಿಂದ ಸೋತೆವು ಎನ್ನುವುದು ಸತ್ಯಕ್ಕೆ ದೂರ.

ಕಾಯ್ದೆಗಳನ್ನು ಬೆಂಬಲಿಸಿದ ರೈತ ಸಂಘಟನೆಗಳೂ ಇದ್ದವು. ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ ತನ್ನೊಡನೆ ಮಾತಾಡಿದ 73 ಸಂಘಟನೆಗಳಲ್ಲಿ 61 ಕಾಯ್ದೆಗಳ ಪರ ಇದ್ದವೆಂದು ಹೇಳಿತು. ಧರಣಿ ಕೂತವರು ಆ ಸಮಿತಿಯ ಮುಂದೆ ಹೋಗಲೇ ಇಲ್ಲ ಎಂಬುದನ್ನೂ ಇದರ ಜೊತೆಗೇ ನೋಡಬೇಕು. ಎಪಿಎಂಸಿ ಮಂಡಿಗಳಲ್ಲಿ ದಲ್ಲಾಳಿಯ ಕಮಿಷನ್, ಅಧಿಕೃತ ರಸೀದಿಯ ಬದಲು ಬಿಳಿ ಚೀಟಿ, ತೂಕದ ಮೋಸ ಇವೆ. ಬದಲಾವಣೆ ಬೇಕೆಂದು ಹೇಳುವವರಲ್ಲಿ ನಾನೂ ಒಬ್ಬ. ರೋಗವಿದೆ ಎಂದ ಮಾತ್ರಕ್ಕೆ ಕೊಟ್ಟ ಔಷಧಿಯನ್ನೆಲ್ಲ ಬಾಯಿಮುಚ್ಚಿಕೊಂಡು ನುಂಗಬೇಕಾಗಿಲ್ಲ.

ದೆಹಲಿಯದೇ ಚಾಳಿ ಬೆಂಗಳೂರಿನಲ್ಲೂ ಇತ್ತು. ಹಿಂದೆ ರೈತರ ಹೆಸರಿನಲ್ಲಿ ಪ್ರಮಾಣ ವಚನ ಸ್ವೀಕರಿಸಿದ್ದ ಬಿ.ಎಸ್. ಯಡಿಯೂರಪ್ಪನವರ ಸರ್ಕಾರ 2020ರ ಮೇ ತಿಂಗಳಲ್ಲಿ, ಜನರು ಮನೆಯಲ್ಲಿರಬೇಕೆಂದು ತಾನೇ ಆಜ್ಞೆ ಮಾಡಿದ್ದ ದಿನಗಳಲ್ಲಿ, ಎಪಿಎಂಸಿ ತಿದ್ದುಪಡಿಯನ್ನು ಸುಗ್ರೀವಾಜ್ಞೆಯಿಂದ ತಂದಿತು. ಜುಲೈನಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ಕಿತ್ತುಹಾಕಿತು. ಕೃಷಿಕರಲ್ಲದವರು, ಬೇರೆ ದೊಡ್ಡ ಆದಾಯ ಇರುವವರು ಕೃಷಿ ಭೂಮಿ ಕೊಳ್ಳುವುದಕ್ಕೆ ಇದ್ದ ಅಡ್ಡಿ ಅವು. ಬಂಡೀಪುರದ ಅಂಚಿನಲ್ಲಿ ರೆಸಾರ್ಟು, ತೋಟದ ಮನೆಗಳಿಗೆ ಹೊರಗಿನವರ ಕಣ್ಣು ಬಿದ್ದ ನೆಲದಲ್ಲಿ ಬದುಕುವ ಗುಂಡ್ಲುಪೇಟೆಯವರಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸೆಪ್ಟೆಂಬರ್ 28ರಂದು ರೈತರು ಕರ್ನಾಟಕ ಬಂದ್ ಮಾಡಿದರು. ವಿರೋಧ ಪಕ್ಷಗಳು ರೈತರ ದಾರಿ ತಪ್ಪಿಸುತ್ತಿವೆ ಎಂಬ ಉತ್ತರ ಬಂತು.

ಆ ವಿರೋಧ ಪಕ್ಷಗಳಲ್ಲಿ ಒಂದಾದ ಕಾಂಗ್ರೆಸ್ 2023ರಲ್ಲಿ ಅಧಿಕಾರಕ್ಕೆ ಬಂತು. 2023ರ ಜುಲೈನಲ್ಲಿ ಎಪಿಎಂಸಿ ತಿದ್ದುಪಡಿ ರದ್ದು ಮಾಡುವ ಮಸೂದೆ ವಿಧಾನಸಭೆಯಲ್ಲಿ ಅಂಗೀಕಾರವಾಗಿ, ಮೇಲ್ಮನೆಯಲ್ಲಿ ಪರಿಶೀಲನಾ ಸಮಿತಿಯ ಪಾಲಾಯಿತು. ಅದೇ ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು ವೈಮಾಂತರಿಕ್ಷ ಪಾರ್ಕಿಗೆಂದು ಸ್ವಾಧೀನಕ್ಕೆ ಹೊರಟಿದ್ದ 13 ಹಳ್ಳಿಗಳ 1,777 ಎಕರೆಯನ್ನು ಉಳಿಸಿಕೊಳ್ಳಲು ಧರಣಿ ಮುಂದುವರಿಸಬೇಕಾಯಿತು. ಬಿಜೆಪಿ ಸರ್ಕಾರವಿದ್ದಾಗ ಶುರುವಾದ ಆ ಧರಣಿ 1,198 ದಿನ ನಡೆಯಿತು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಟ್ಟರು. ವೈಮಾಂತರಿಕ್ಷ ಪಾರ್ಕಿನ ಲಾಭವನ್ನು ಇನ್ನಷ್ಟು ಚೆನ್ನಾಗಿ ವಿವರಿಸಿದ್ದರಿಂದ ಅಲ್ಲ, ಭೂಮಿ ಬಿಟ್ಟುಕೊಟ್ಟಿದ್ದರಿಂದ ಆ ಹೋರಾಟ ಮುಗಿಯಿತು.

ಹಾಗಾಗಿ ಆಳುವವರಲ್ಲಿ ಕೇಳುವುದು ಇಷ್ಟು. ರೈತರ ಕಾಯ್ದೆಯ ಕರಡು ಕನ್ನಡದಲ್ಲಿ ಗ್ರಾಮ ಪಂಚಾಯಿತಿಗೆ ಬರಲಿ, ಮೂವತ್ತು ದಿನ ಇರಲಿ, ಹೋಬಳಿ ಕೇಂದ್ರದಲ್ಲಿ ಸಭೆಯಾಗಲಿ. ಅಲ್ಲಿ ಜನ ಬೇಡವೆಂದರೆ ಅದನ್ನು ಉತ್ತರವೆಂದೇ ಬರೆದುಕೊಳ್ಳಲಿ. ಅಜ್ಞಾನವೆಂದು ಬರೆದುಕೊಳ್ಳುವುದು ನಿಲ್ಲಲಿ.

ಕಾಂಗ್ರೆಸ್ ಅಧಿಕಾರಕ್ಕೆ ಬಂದು ಎರಡು ವರ್ಷ ತುಂಬಿದ ಮೇಲೂ ರೈತ ಸಂಘಗಳು 2020ರ ಭೂ ಸುಧಾರಣಾ ತಿದ್ದುಪಡಿ ರದ್ದಾಗಲಿ ಎಂದು ಬೀದಿಯಲ್ಲಿ ಕೇಳಬೇಕಾಗಿ ಬಂತು. ಹರವೆ, ತೆರಕಣಾಂಬಿ, ಗುಂಡ್ಲುಪೇಟೆಗೆ ಮುಂದಿನ ಸಲ ಮತ ಕೇಳಲು ಯಾವ ಪಕ್ಷದವರೇ ಬರಲಿ, 79ಎ ಮತ್ತು 79ಬಿ ಮರಳಿ ತರುತ್ತೀರಾ ಎಂಬುದಕ್ಕೆ ಅವರ ಬಾಯಿಂದ ಹೌದು ಅಥವಾ ಇಲ್ಲ ಎಂಬ ಒಂದೇ ಮಾತು ಹೇಳಿಸಿಕೊಳ್ಳಿ.